ಬಿಸಿನೀರಿನ ಯಜಮಾನರು

ನಮ್ಮ ಬೀದಿಯ ತಿರುವಿನಲ್ಲಿ ಅವರ ಫ್ಲೆಕ್ಸು ಕಟ್ಟಿದ್ದು ಇನ್ನೂ ಬಿಚ್ಚಿಲ್ಲ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ನಡುವೆ ಫೋಟೋ, ಅದರ ಕೆಳಗೆ ಅವರ ಮಗ ಅಚ್ಚು ಹಾಕಿಸಿದ ಸಾಲು: 'ಒಂದು ಮಾತ್ರೆಯನ್ನೂ ಮುಟ್ಟದೆ ಆರೋಗ್ಯವಂತರಾಗಿ ಬಾಳಿದ ಹಿರಿಯ ಜೀವ.' ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆ ಸಾಲು ಕಣ್ಣಿಗೆ ಬಿದ್ದರೆ ಬಾಯಲ್ಲಿ ಎಂಜಲು ಊರುತ್ತೆ, ಪಕ್ಕಕ್ಕೆ ಉಗಿದುಬಿಡೋಣ ಅನ್ನಿಸುತ್ತೆ. ಉಗಿಯೋದಿಲ್ಲ. ಕಂಡಲ್ಲಿ ಉಗಿಯೋದು ಅವರ ಅಭ್ಯಾಸವಾಗಿತ್ತು, ನನ್ನದಲ್ಲ.

ಹೆಸರು ಬರೆಯೋದಿಲ್ಲ. ಬೀದಿಯವರೆಲ್ಲ ಯಜಮಾನ್ರು ಅಂತಿದ್ರು, ನಾನು ಅಣ್ಣ ಅಂತಿದ್ದೆ. ಅವರು ಅಂತ ಬಹುವಚನದಲ್ಲೇ ಬರೀತೀನಿ. ಸತ್ತವರು, ನನಗಿಂತ ಹಿರಿಯರು. ಆ ಮರ್ಯಾದೆ ನಾನು ಕೊಡ್ತಿರೋದು, ಅವರು ಗಳಿಸಿದ್ದಲ್ಲ.

ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯೋ ಶೆಡ್ಡಿಗೆ ನಮ್ಮ ಶಿಡ್ಲಘಟ್ಟದಲ್ಲಿ ಫಿಲೇಚರ್ ಅಂತೀವಿ. ಏಳನೇ ಕ್ಲಾಸನ್ನ ಅರ್ಧಕ್ಕೆ ಬಿಟ್ಟು ನಾನು ಸೇರಿದ್ದು ಅವರ ಫಿಲೇಚರಿಗೆ. ಕೈ ಇಡೋಕಾಗದಷ್ಟು ಬಿಸಿನೀರಿನ ಬೇಸಿನ್ನಿಗೆ ಅವರು ಬರಿಗೈ ಅದ್ದಿ, ಬೆಂದ ಗೂಡುಗಳ ಮೇಲೆ ಬೆರಳು ಸವರಿದರೆ ಎಳೆಯ ತುದಿ ತಾನಾಗಿ ಬೆರಳಿಗೆ ಅಂಟಿಕೊಂಡು ಬರ್ತಿತ್ತು. "ಹೆದರ್ಕೊಂಡು ಕೈ ಹಾಕಿದ್ರೆ ಏನೂ ಸಿಗಲ್ಲ ಕಣೋ, ಪೂರ್ತಿ ಹಾಕು" ಅನ್ನೋರು. ಆ ಕೆಲಸ ನನಗೆ ಕಲಿಸಿದವರು ಅವರೇ, ಅದನ್ನ ಇಲ್ಲ ಅನ್ನೋದಿಲ್ಲ. ಒಂದು ಸಲ ಕೆಲಸದ ಹೆಂಗಸಿನ ಕಾಲ ಮೇಲೆ ಕುದಿನೀರು ಚೆಲ್ಲಿದಾಗ ಆಟೋಗೂ ಕಾಯದೆ ತಾವೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ರು. ಆಳುಗಳಿಗಿಂತ ಮುಂಚೆ ಬಂದು ಆಳುಗಳು ಹೋದ ಮೇಲೆ ಬೀಗ ಹಾಕೋರು. ಮೈಮುರಿದು ದುಡಿಯೋರನ್ನ ಕಂಡ್ರೆ ನನಗೆ ಗೌರವ. ಅದಕ್ಕೇ ಅವರ ಉಳಿದದ್ದನ್ನೆಲ್ಲ ಇಷ್ಟು ವರ್ಷ ಸಹಿಸಿಕೊಂಡೆ.

ಉಳಿದದ್ದು ಅಂದ್ರೆ, ಮೊದಲು ಅವರ ಊಟ. ಬಾಡೂಟಕ್ಕೆ ಅವರ ಪಕ್ಕ ಕೂತವನಿಗೆ ತುತ್ತು ಇಳೀತಿರಲಿಲ್ಲ. ಬೇರೆಯವರು ಎಲೆಯ ಅಂಚಿಗೆ ತಳ್ಳಿದ ಚರ್ಬಿಯನ್ನೂ "ಬಿಸಾಕ್ತೀಯಾ? ಇತ್ಲಾಗಿ ಹಾಕು" ಅಂತ ಕೇಳಿ ಹಾಕಿಸಿಕೊಳ್ಳೋರು. ಎರಡು ಬೆರಳಲ್ಲಿ ಮೇಲಕ್ಕೆತ್ತಿ, ಹಲ್ಲಿಗೆ ತಾಕಿಸದೆ ಒಳಕ್ಕೆ ಜಾರಿಸೋರು. ಗಡ್ಡದ ಮೇಲೆ ಇಳಿದ ಜಿಡ್ಡನ್ನ ಮುಂಗೈಯಲ್ಲಿ ಒರೆಸಿ ಅದೇ ಕೈಯಲ್ಲಿ ನನ್ನ ಬೆನ್ನು ತಟ್ಟೋರು. ಹೆಂಗಸರು ಮಕ್ಕಳು ಇದ್ದಾರೆ ಅನ್ನೋದಿಲ್ಲ, ಅಂಗಿ ಎತ್ತಿ ಹೊಟ್ಟೆ ಮೇಲೆ ಬಾರಿಸಿ ತೋರಿಸೋರು. "ದುಡಿಯೋ ಮೈಯಪ್ಪ ಇದು. ಇದರಲ್ಲಿ ಕೊಬ್ಬು ನಿಲ್ಲಲ್ಲ."

ಇನ್ನೊಂದು ಅವರ ಫ್ಲಾಸ್ಕು. ಹೆಗಲಿಗೆ ದಾರ ಕಟ್ಟಿ ನೇತು ಹಾಕಿಕೊಂಡ ಸ್ಟೀಲ್ ಫ್ಲಾಸ್ಕು, ಅದರ ತುಂಬ ಬಿಸಿನೀರು. ಒಂದು ಗುಟುಕು ಬಾಯಿಗೆ ಹಾಕಿ, ಗುಳುಗುಳು ತಿರುಗಿಸಿ, ಅರ್ಧ ನುಂಗಿ, ಉಳಿದರ್ಧ ನಮ್ಮನೆ ಮೆಟ್ಟಿಲ ಪಕ್ಕ ಉಗಿದು ಒಳಗೆ ಬರೋರು. ನನ್ನ ಹೆಂಡತಿ ರಂಗೋಲಿ ಹಾಕೋ ಜಾಗ ಅದು. "ನಿಮ್ಮ ಗುರುಗಳು ದಯಮಾಡಿಸಿದ್ರು" ಅಂತ ಅವಳು ಬಕೆಟ್ಟು ಪೊರಕೆ ತಗೊಂಡು ಹೊರಡೋಳು.

ಈ ಬಿಸಿನೀರಿನ ಶಾಸ್ತ್ರ ಹುಟ್ಟಿದ್ದು ಬೇಸಿನ್ನಿನಲ್ಲೇ. ನೂಲು ತೆಗೀತಾ ಹೋದ ಹಾಗೆ ಗೂಡಿನೊಳಗೆ ಸತ್ತ ಹುಳದ ಜಿಡ್ಡು ನೀರಿಗೆ ಬಿಡುತ್ತೆ. ನೀರು ಕಂದುಬಣ್ಣಕ್ಕೆ ತಿರುಗಿ ಮೇಲೆ ಎಣ್ಣೆಯ ಪೊರೆ ಕಟ್ಟುತ್ತೆ. ಹಾಗೇ ಬಿಟ್ಟರೆ ನೂಲಿನ ಹೊಳಪು ಹೋಗುತ್ತೆ ಅಂತ ಹಳೇ ನೀರು ಚೆಲ್ಲಿ ಹೊಸ ಬಿಸಿನೀರು ತುಂಬ್ತೀವಿ. ಅವರು ಇದನ್ನ ಎತ್ತಿಕೊಂಡು ಹೋಗಿ ಮನುಷ್ಯನ ರಕ್ತಕ್ಕೆ ಅಂಟಿಸಿದ್ರು. ಬಿಸಿನೀರು ಕುಡೀತಾ ಇದ್ರೆ ರಕ್ತದ ಜಿಡ್ಡು ಬಿಟ್ಟುಕೊಂಡು ಕೆಳಗೆ ಹೋಗುತ್ತೆ, ಮಾತ್ರೆ ಗೀತ್ರೆ ಎಲ್ಲ ಡಾಕ್ಟ್ರುಗಳ ಹೊಟ್ಟೆಪಾಡು. "ಗೂಡಿನ ಅಂಟನ್ನೇ ಬಿಡಿಸೋ ಬಿಸಿನೀರು ನರದೊಳಗಿನ ಕೊಬ್ಬು ಬಿಡಿಸಲ್ವೇನೋ?" ಇದನ್ನ ಬೇರೆ ಊರಲ್ಲಿ ಹೇಳಿದ್ರೆ ನಗ್ತಿದ್ರೇನೋ. ನಮ್ಮ ಬೀದಿಯಲ್ಲಿ ಕೇಳೋರೆಲ್ಲ ನೂಲು ತೆಗೆಯೋರು. ದಿನಾ ಕಣ್ಣೆದುರು ನೋಡೋದು ಅದನ್ನೇ. ಯಾರಿಗೂ ತಪ್ಪು ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಆಗಲೇ ನನ್ನ ಕಣ್ಣಿನ ರೆಪ್ಪೆಗಳ ಮೇಲೆ, ಮೂಗಿನ ಕಡೆ ಮೂಲೆಯಲ್ಲಿ, ಹಳದಿ ದದ್ದು ಎದ್ದಿದ್ದು. ಬೆಣ್ಣೆ ಮೆತ್ತಿದ ಹಾಗಿದೆ, ನೋಡೋಕಾಗಲ್ಲ ಅಂತ ಹೆಂಡತಿ ಬೆನ್ನು ಹತ್ತಿ ಚಿಕ್ಕಬಳ್ಳಾಪುರಕ್ಕೆ ಕರಕೊಂಡು ಹೋದಳು. ಡಾಕ್ಟ್ರಮ್ಮ ನನ್ನ ಮಗಳ ವಯಸ್ಸಿನವರು. ರೆಪ್ಪೆ ನೋಡಿದ್ರು, ರಕ್ತ ತೆಗೆಸಿದ್ರು, ನಮ್ಮಪ್ಪ ಹೇಗೆ ಸತ್ತರು ಅಂತ ಕೇಳಿದ್ರು. ಎದೆ ಹಿಡಿದು ಸತ್ತರು, ಈಗಿನ ನನಗಿಂತ ಚಿಕ್ಕವರಾಗಿದ್ರು ಅಂದೆ.

"ಕೊಲೆಸ್ಟ್ರಾಲ್ ಜಾಸ್ತಿ ಇದೆ. ದಿನಾ ಒಂದು ಮಾತ್ರೆ ತಗೋಬೇಕಾಗುತ್ತೆ."

"ಎಷ್ಟು ದಿನ?"

"ದಿನ ಅಂತಿಲ್ಲ. ತಗೊಳ್ತಾ ಇರ್ಬೇಕು."

"ನನಗೆ ಎಲ್ಲೂ ನೋವಿಲ್ಲ ತಾಯಿ. ಇವತ್ತೂ ಗೂಡಿನ ಮೂಟೆ ಹೊತ್ತು ಬಂದಿದೀನಿ."

"ನೋವು ಬರೋಕೆ ಮುಂಚೆ ತಗೊಳ್ಳೋದಕ್ಕೇ ಇದು. ನೋವು ಬಂದ್ಮೇಲೆ ಕೆಲವ್ರು ಇಲ್ಲಿವರ್ಗೂ ಬರೋದೇ ಇಲ್ಲ. ನಿಮ್ಮ ತಂದೆ ಬಂದ್ರಾ?"

ನನಗೆ ಸಿಟ್ಟು ಬಂತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದು ಬಂದೆ. ಜ್ವರ ಬಂದಾಗಲೂ ಕಷಾಯ ಕುಡಿದು ಕೆಲಸಕ್ಕೆ ಹೋದವನು ನಾನು. ನನ್ನ ಹತ್ತಿರ ಓದಿಲ್ಲ, ಆಸ್ತಿ ಬಂದಿದ್ದಿಲ್ಲ, ಇದ್ದದ್ದು ಈ ಮೈ. ಅದನ್ನ ಹಿಡಿದೇ ಸ್ವಂತ ಫಿಲೇಚರ್ ಹಾಕಿದ್ದು. ಈ ಮೈಗೆ ಸಾಯೋವರೆಗೂ ಮಾತ್ರೆ ಅಂದ್ರೆ, ನೀನು ಕೆಟ್ಟು ಹೋಗಿದ್ದೀಯ ಅಂದ ಹಾಗೆ ಕೇಳಿಸ್ತು.

ಬಂದವನು ಸೀದಾ ಯಜಮಾನರ ಹತ್ತಿರ ಹೋದೆ. ಅವರು ನನ್ನ ಗಲ್ಲ ಹಿಡಿದು ಮುಖಾನ ಬೆಳಕಿಗೆ ತಿರುಗಿಸಿ, ಉಗುರಲ್ಲಿ ಆ ದದ್ದನ್ನ ಕೆರೆದು ನೋಡಿದ್ರು. ಹುಳದ ವಾಸನೆಯ ಉಗುರು.

"ರೇಷ್ಮೆ ಹುಳ ಹಣ್ಣಾದಾಗ ಮೈ ಹಳದಿ ಆಗಲ್ವೇನೋ? ನೀನೂ ಹಣ್ಣಾಗ್ತಿದ್ದೀಯ. ಇನ್ನೇನು ಗೂಡು ಕಟ್ತೀಯ." ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. "ನೋಡು, ನನಗೆ ನಿನಗಿಂತ ಹದಿನೈದು ವರ್ಷ ಜಾಸ್ತಿ. ಒಂದು ಮಾತ್ರೆ ಮುಟ್ಟಿದ್ದೀನಾ? ನೀರು ಕುಡಿ. ಕುದಿಸಿ ಕುಡಿ."

ಮಾತು ಅಲ್ಲಿಗೆ ಮುಗೀತು ಅನ್ನಬೇಕಾದ್ರೆ ಅವರು ತೆಲುಗಿಗೆ ಹಾರೋರು. "ಪೋನೀಲೇ" ಅಂದ್ರೆ ಹೋಗ್ಲಿ ಬಿಡು, ಇನ್ನು ಅದರ ಮೇಲೆ ಯಾರೂ ಮಾತಾಡಕೂಡದು. ಅವತ್ತು ಡಾಕ್ಟ್ರಮ್ಮನ ಚೀಟಿಗೂ ಒಂದು ಪೋನೀಲೇ ಆಯಿತು.

ಆ ಸಂಕ್ರಾಂತಿಗೆ ನಮ್ಮಕ್ಕ ಭಾವ ಬಂದಿದ್ರು. ಭಾವ ಕೈವಾರದ ಕಡೆ ಟೊಮ್ಯಾಟೊ ಬೆಳೆಯೋರು, ಮಾತು ಕಡಿಮೆ. ಅವರು ಇದೇ ಮಾತ್ರೆಯನ್ನ ಆಗಲೇ ತಗೊಳ್ತಿದ್ರು, ಯಾರಾದ್ರೂ ಕೇಳಿದ್ರೆ ನಾಚಿಕೆ ಪಡೋರು. ಯಜಮಾನರಿಗೆ ಅದು ಗೊತ್ತಾಗಿದ್ದೇ ತಡ, ಭಾವನ ಕೈ ಹಿಡಿದು ತಮ್ಮ ಫಿಲೇಚರಿಗೆ ಕರಕೊಂಡು ಹೋದ್ರು. ಜೊತೆಗೆ ನಾನೂ ಹೋದೆ. ಹಬ್ಬದ ಮಾರನೇ ದಿನ ತಂದ ಮಟನ್ನಿನ ಚರ್ಬಿ ಒಂದು ಉಂಡೆ ಎಲೆಯಲ್ಲಿ ಸುತ್ತಿ ತಂದಿದ್ರು. ಅದನ್ನ ಬೇಸಿನ್ನಿನ ಬಿಸಿನೀರಿಗೆ ಹಾಕಿ ಕೈಯಲ್ಲಿ ಕದಡಿದ್ರು. ಅದು ಕರಗಿ, ಹುಳದ ಜಿಡ್ಡಿನ ಜೊತೆ ಸೇರಿ, ನೀರಿನ ಮೇಲೆ ಹಳದಿ ಕಣ್ಣುಗಳಾಗಿ ತೇಲಿತು. ಆ ವಾಸನೆಯಲ್ಲೇ ಹುಟ್ಟಿ ಬೆಳೆದವನು ನಾನು, ನಾನೂ ಮೂಗು ಮುಚ್ಚಿಕೊಂಡೆ.

"ನೋಡ್ದಾ? ಎಲ್ಲಿ ನಿನ್ನ ಕೊಬ್ಬು? ಕರಗ್ತು. ಇನ್ನು ನೀರು ಚೆಲ್ಲಿದ್ರೆ ಆಯ್ತು. ಬಿಡಯ್ಯಾ ಆ ಮಾತ್ರೆ, ಇವತ್ತೇ ಬಿಡು. ಗಂಡಸಲ್ವಾ ನೀನು?"

ಭಾವ ನನ್ನ ಮುಖ ನೋಡಿದ್ರು. ನಾನು ತಗೊಳ್ತಿರಲಿಲ್ಲವಲ್ಲ, ನನ್ನ ಮುಖದಲ್ಲಿ ಇನ್ನೇನು ಕಾಣಬೇಕು. ಊರಿಗೆ ಹೋಗುವಾಗ ಹೊಸ ಫ್ಲಾಸ್ಕು ಕೊಂಡು ಹೋದ್ರು.

ಒಂದು ವರ್ಷ ತುಂಬೋಕೆ ಮುಂಚೆ ಟೊಮ್ಯಾಟೊ ಸಾಲಿನ ನಡುವೆ ಬಿದ್ರು. ಬಲಗೈ, ಬಲಗಾಲು, ಬಾಯಿ ಮೂರೂ ಹೋಯ್ತು. ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ಖಂಡಿತ ಹೇಳೋಕಾಗಲ್ಲ, ಬಿಡಬಾರದಿತ್ತು ಅಂತ ಮಾತ್ರ ಹೇಳಬಲ್ಲೆ ಅಂದ್ರು ಆಸ್ಪತ್ರೆಯ ಡಾಕ್ಟ್ರು.

ಭಾವನನ್ನ ಮನೆಗೆ ಕರಕೊಂಡು ಬಂದ ಮೇಲೆ ಯಜಮಾನರು ನೋಡೋಕೆ ಬಂದ್ರು. ಮೂಸಂಬಿ ಚೀಲ ಮಂಚದ ಮೇಲಿಟ್ಟು ಭಾವನ ಪಕ್ಕದಲ್ಲೇ ಕೂತ್ರು.

"ನೀರು ಕುದಿಸಿ ಕುಡಿದ್ಯೋ, ಸುಮ್ನೆ ಬೆಚ್ಚಗೆ ಮಾಡ್ಕೊಂಡು ಕುಡಿದ್ಯೋ?"

ಭಾವ ಬಾಯಿ ಆಡಿಸಿದ್ರು. ಜೊಲ್ಲು ಬಂತು, ಮಾತು ಬರಲಿಲ್ಲ. ಅಕ್ಕ ಸೆರಗಲ್ಲಿ ಒರೆಸುತ್ತಾ, "ಕುದಿಸೇ ಕೊಡ್ತಿದ್ದೆ ಅಣ್ಣ" ಅಂದಳು.

"ಹಂಗಾದ್ರೆ ನಿಮ್ಮ ಬೋರಿನ ನೀರೇ ಸರಿ ಇಲ್ಲ. ಗಡಸು ನೀರಲ್ಲಿ ನೂಲೂ ಬಿಚ್ಚಲ್ಲ." ಹೀಗಂದವರು ತಾವೇ ತಂದ ಮೂಸಂಬಿಯಲ್ಲಿ ಒಂದನ್ನ ಸುಲಿದು, ತೊಳೆ ಬಿಡಿಸಿ, ಅಲ್ಲೇ ಕೂತು ತಿಂದ್ರು. ಬೀಜಗಳನ್ನ ಅಂಗೈಗೆ ಉಗಿದು ಮಂಚದ ಕೆಳಗೆ ಹಾಕಿದ್ರು. ಅಕ್ಕ ಬಗ್ಗಿ ಅವನ್ನ ಆಯ್ದಳು. ನಾನು ಎದ್ದು ಹೊರಗೆ ಬಂದೆ.

ಮಾರನೇ ದಿನವೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಡಾಕ್ಟ್ರಮ್ಮನ ಕಾಲ ಹತ್ತಿರ ಕೂತ ಹಾಗೆ ಕೂತೆ. ಅವರು ಒಂದು ಮಾತೂ ಚುಚ್ಚಲಿಲ್ಲ. ಹೊಸ ಚೀಟಿ ಬರೆದು, "ಯಾವ ಹೊತ್ತಿಗಾದ್ರೂ ತಗೊಳ್ಳಿ, ದಿನಾ ಅದೇ ಹೊತ್ತಿಗೆ ತಗೊಳ್ಳಿ, ಆಗ ಮರೆತು ಹೋಗಲ್ಲ" ಅಂದ್ರು. ಮಾತ್ರೆ ತಂದೆ. ನಾಳೆಯಿಂದ ಶುರು ಅಂತ ಹೆಂಡತಿಗೆ ಹೇಳಿದೆ.

ಮಾರನೇ ದಿನ ಬೆಳಿಗ್ಗೆ ಭಾವನ ಔಷಧಿ ತರೋಕೆ ಚಿಂತಾಮಣಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನ ಮುಂದೆ ಜನ. ಹೆಗಲ ಮೇಲೆ ಫ್ಲಾಸ್ಕು ಕಂಡಿತು. ಬೆನ್ನೇ ಸಾಕು ನನಗೆ ಗುರುತಿಗೆ.

ಅಂಗಡಿಯವನು ಹೇಳ್ತಿದ್ದ, "ಯಜಮಾನ್ರೆ, ನಿಮ್ಮ ಕೊಲೆಸ್ಟ್ರಾಲ್ ಮಾತ್ರೆ ಆ ಕಂಪನಿದು ಬಂದಿಲ್ಲ. ಬೇರೆ ಕಂಪನಿದು ಕೊಡ್ಲಾ? ಔಷಧಿ ಒಂದೇ."

"ಕೊಡು ಕೊಡು" ಅಂತ ತಿರುಗಿದವರು ನನ್ನನ್ನ ನೋಡಿದ್ರು. "ನಮ್ಮ ಮನೆಯವಳಿಗೆ" ಅಂದ್ರು.

"ನಿಮಗೇ ಅಲ್ವಾ ಇಷ್ಟು ವರ್ಷದಿಂದ ತಗೊಂಡು ಹೋಗ್ತಿರೋದು?" ಅಂದ ಅಂಗಡಿಯವನು. ಪಾಪ, ಅವನಿಗೇನು ಗೊತ್ತು.

ಹೊರಗೆ ಬಂದು ರಸ್ತೆ ಅಂಚಲ್ಲಿ ನಿಂತ್ವಿ.

"ಎಷ್ಟು ವರ್ಷದಿಂದ ಅಣ್ಣ?"

"ಆಯ್ತು ಆರೇಳು ವರ್ಷ."

"ಹಂಗಾದ್ರೆ ನಮ್ಮ ಭಾವನಿಗೆ ಹೇಳೋ ಹೊತ್ತಿಗೆ ನೀವು ತಗೊಳ್ತಿದ್ರಿ."

"ನಾನೇನು ಬಿಡು ಅಂದ್ನಾ? ನೀರು ಕುಡಿ ಅಂದೆ."

"ಬಿಡು ಅಂದ್ರಿ. ಗಂಡಸಲ್ವಾ ಅಂದ್ರಿ. ನಾನು ಪಕ್ಕದಲ್ಲೇ ಇದ್ದೆ."

"ಅಂದಿರಬೋದು. ಪೋನೀಲೇ."

"ಇಲ್ಲ ಅಣ್ಣ. ಈ ಸಲ ಹೇಳಿ."

ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ರು, ಕುಡೀಲಿಲ್ಲ, ಮತ್ತೆ ಮುಚ್ಚಿದ್ರು. "ಮೊದಲು ನಿಜವಾಗ್ಲೂ ನೀರೇ ಕುಡೀತಿದ್ದೆ ಕಣೋ. ಕುಡಿದೇ ಎಲ್ಲರಿಗೂ ಹೇಳಿದ್ದು. ಒಂದಿನ ಎದೆ ಹಿಡೀತು. ಮನೇಲೂ ಹೇಳ್ದೆ ಕೋಲಾರಕ್ಕೆ ಹೋದೆ, ಅಲ್ಲಿ ಬರಕೊಟ್ರು. ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿಹೋಗಿತ್ತು, ನಾನು ಮಾತ್ರೆ ಮುಟ್ಟೋನಲ್ಲ ಅಂತ. ಜನ ನನ್ನ ನೋಡಿ ಮಾತ್ರೆ ಬಿಟ್ಟಿದ್ರು. ಈಗ ಹೋಗಿ ನಾನೂ ನುಂಗ್ತೀನಿ ಅನ್ನಲಾ? ಆಮೇಲೆ ನನ್ನ ಆಳು ನನ್ನ ಮಾತಿಗೆ ಬೆಲೆ ಕೊಡ್ತಾನಾ?"

"ಅದಕ್ಕೆ ಭಾವನ್ನ ಬಿಡಿಸಿದ್ರಿ."

"ನಿನ್ನ ಭಾವನ ಹಣೆಬರಹ ನಾನು ಬರೆದ್ನಾ? ನೀನು ತಗೋ ಸುಮ್ನೆ. ಯಾರಿಗೂ ಹೇಳ್ಬೇಡ, ಅಷ್ಟೆ." ಹೀಗಂತ ಕವರಿನಿಂದ ಒಂದು ಸ್ಟ್ರಿಪ್ ಮಾತ್ರೆ ತೆಗೆದು ನನ್ನ ಅಂಗಿ ಜೇಬಿಗೆ ತುರುಕೋಕೆ ಬಂದ್ರು. ಬೆವೆತ ಕೈ. ನಾನು ಆ ಕೈಯನ್ನ ತಳ್ಳಿದೆ. ಅಷ್ಟು ವರ್ಷದಲ್ಲಿ ಅವರ ಕೈ ತಳ್ಳಿದ್ದು ಅದೊಂದೇ ಸಲ.

ಅವತ್ತು ಮನೆಗೆ ಬಂದು ಮಾತ್ರೆ ಬಾಯಿಗೆ ಹಾಕಿಕೊಂಡೆ. ನಾಲಿಗೆ ಮೇಲೆ ನಿಂತಿತು, ಇಳೀಲಿಲ್ಲ. ಅವರ ಬೆವರಿನ ಕೈ, ಮೂಸಂಬಿ ತೊಳೆ, ಬೇಸಿನ್ನಿನಲ್ಲಿ ತೇಲೋ ಚರ್ಬಿ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಬಚ್ಚಲಿಗೆ ಹೋಗಿ ಉಗಿದುಬಂದೆ. ಮಾರನೇ ದಿನವೂ ಹಾಗೇ. ಇದು ಆ ಮನುಷ್ಯ ಕದ್ದು ನುಂಗೋ ಮಾತ್ರೆ, ಇದನ್ನ ನಾನೂ ನುಂಗಿದ್ರೆ ಅವರ ಹಾಗೇ ಆಗ್ತೀನಿ ಅನ್ನೋ ಹೇಸಿಗೆ. ಬೀದಿಯಲ್ಲಿ ಹೇಳೋಣ ಅಂದ್ರೆ, ಯಜಮಾನರ ಮೇಲೆ ಹೊಟ್ಟೆಕಿಚ್ಚಿಗೆ ಹೇಳ್ತಾನೆ ಅಂತಾರೆ. ನುಂಗಲಿಲ್ಲ, ಹೇಳಲೂ ಇಲ್ಲ. ಮಾತ್ರೆಯ ಸ್ಟ್ರಿಪ್ಪು ಜೇಬಿನಿಂದ ಜೇಬಿಗೆ ಹೋಗ್ತಿತ್ತು.

"ಅವರ ಮೇಲಿನ ಸಿಟ್ಟನ್ನ ನಿಮ್ಮ ಎದೆ ಮೇಲೆ ತೀರಿಸ್ಕೊಳ್ತಿದ್ದೀರಲ್ಲ, ಅವರಿಗೇನು ನಷ್ಟ?" ಅಂದಳು ಹೆಂಡತಿ. "ಅಕ್ಕನ್ನ ನೋಡಿ ಬಂದಿದ್ದೀನಿ ನಾನು. ಒರೆಸೋ ಸೆರಗು ನಂದಾಗೋದು ಬೇಡ."

ನಾನು ಸ್ಟ್ರಿಪ್ಪನ್ನ ಅಂಗಿ ಜೇಬಿಗೆ ಹಾಕಿಕೊಂಡು ಫಿಲೇಚರಿಗೆ ಹೊರಟೆ.

ಯಜಮಾನರು ಸತ್ತದ್ದು ಎದೆಯಿಂದಲ್ಲ. ಸ್ಕೂಟರಿಗೆ ನಾಯಿ ಅಡ್ಡ ಬಂದು, ಬಿದ್ದು, ತಲೆಗೆ ಏಟಾಯ್ತು. ಎದೆ ಕೊನೆವರೆಗೂ ಗಟ್ಟಿಯಾಗಿತ್ತು ಅಂತ ಆಸ್ಪತ್ರೆಯವರು ಹೇಳಿದ್ರಂತೆ. ಬೀದಿಯವರಿಗೆ ಅಷ್ಟೇ ಸಾಕಾಯ್ತು. ನೋಡಿದ್ರಾ ಬಿಸಿನೀರಿನ ಮಹಿಮೆ, ಆ ದರಿದ್ರ ನಾಯಿ ಬರದಿದ್ರೆ ನೂರು ವರ್ಷ ಇರ್ತಿದ್ರು ಅಂತ ಎಲ್ಲರ ಬಾಯಲ್ಲೂ ಅದೇ.

ತಿಥಿಗೆ ಬಾಡೂಟ. ಅವರ ಮನೆ ಮುಂದಿನ ಶಾಮಿಯಾನದಲ್ಲಿ ಸಾಲಾಗಿ ಕೂತಿದ್ವಿ. ಮುದ್ದೆ, ಸಾರು. ಗಾಳಿಗೆ ಸಾರಿನ ಮೇಲೆ ಜಿಡ್ಡು ಹೆಪ್ಪುಗಟ್ಟುತ್ತಿತ್ತು. ಪಕ್ಕದಲ್ಲಿ ನಮ್ಮ ಎದುರುಮನೆಯವನು, ಇನ್ನೂ ನಲವತ್ತಾಗಿಲ್ಲ, ಎರಡು ಚಿಕ್ಕ ಮಕ್ಕಳು. ಅವನಿಗೂ ಇದೇ ಮಾತ್ರೆ ಬರೆದಿದ್ರು.

"ಅಣ್ಣ, ನಾನೂ ನಾಳೆಯಿಂದ ಬಿಟ್ಟುಬಿಡ್ತೀನಿ. ಯಜಮಾನ್ರು ಎಷ್ಟು ಸಲ ಹೇಳಿದ್ರು, ನಾನೇ ಕೇಳಲಿಲ್ಲ. ಅವರ ನೆನಪಿಗಾದ್ರೂ ಬಿಸಿನೀರು ಶುರು ಮಾಡ್ತೀನಿ."

ತುತ್ತು ಕೈಯಲ್ಲೇ ನಿಂತಿತು. ಸುತ್ತ ನಾಲ್ಕಾರು ಜನ ಒಳ್ಳೇ ಕೆಲಸ ಅಂತ ತಲೆಯಾಡಿಸಿದ್ರು. ಭಾವನ ಮಂಚದಂಥ ಇನ್ನೊಂದು ಮಂಚ ನನ್ನ ಕಣ್ಣ ಮುಂದೆ ಬಂತು.

"ಬಿಡಬೇಡ ಕಣಪ್ಪ" ಅಂದೆ. "ಅವರೇ ತಗೊಳ್ತಿದ್ರು. ಚಿಂತಾಮಣಿಯಲ್ಲಿ ಕೊಂಡ್ಕೊಂತಿದ್ರು. ನನ್ನ ಕಣ್ಣಾರೆ ಕಂಡಿದ್ದೀನಿ."

ಮೆಲ್ಲಗೇ ಹೇಳಿದೆ, ಆದರೆ ಸಾಲು ಪೂರ್ತಿ ಕೇಳಿಸಿಕೊಂಡಿತು. ಬಡಿಸುತ್ತಿದ್ದ ಅವರ ಮಗ ಬಕೆಟ್ ಕೆಳಗಿಟ್ಟ. "ಏನು ಮಾತು ಅಂತ ಆಡ್ತೀರಿ? ನಮ್ಮಪ್ಪನ ಅನ್ನ ತಿಂದು ದೊಡ್ಡವರಾದೋರು ನೀವು, ಅವರ ತಿಥಿ ಎಲೆ ಮುಂದೆ ಕೂತ್ಕೊಂಡು ಇಂಥ ಮಾತಾ?"

"ಅವರ ಅನ್ನ ತಿಂದಿದ್ದೀನಿ, ಕೆಲಸ ಮಾಡಿ ತಿಂದಿದ್ದೀನಿ. ನಾನು ಹೇಳಿದ್ದು ಸುಳ್ಳು ಅನ್ನೋದಾದ್ರೆ ಎಲೆ ಬಿಟ್ಟು ಏಳ್ತೀನಿ."

ನಾನು ಏಳೋಕೆ ಹೋದೆ. ಬಾಗಿಲ ಹತ್ತಿರ ಕೂತಿದ್ದ ಅವರ ಹೆಂಡತಿ, ನಾನು ಅತ್ತಿಗೆ ಅನ್ನೋರು, ಕೂತಲ್ಲಿಂದಲೇ ಕೈ ತೋರಿಸಿದ್ರು. "ಕೂತ್ಕೊಳಪ್ಪ. ಎಲೆ ಬಿಟ್ಟು ಏಳ್ಬೇಡ."

ಆಮೇಲೆ ಮಗನ ಕಡೆ ತಿರುಗಿದ್ರು. "ಅವನು ಸುಳ್ಳು ಹೇಳ್ತಿಲ್ಲ. ಅಕ್ಕಿ ಡ್ರಮ್ಮಿನ ತಳದಲ್ಲಿ ಇಡ್ತಿದ್ರು ನಿಮ್ಮಪ್ಪ. ಅಕ್ಕಿ ಅಳೆಯೋಳು ನಾನು, ನನ್ನ ಕೈಗೆ ಸಿಗದೆ ಇರುತ್ತಾ? ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗಲೂ ಅಲ್ಲೇ ಇದೆ, ಹೋಗಿ ನೋಡು."

ಮಗ ಹೋಗಿ ನೋಡಲಿಲ್ಲ. ಯಾರೂ ಏಳಲಿಲ್ಲ. ಕೊನೆಗೆ ಆ ಕಡೆ ಸಾಲಿನಿಂದ ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡು, "ಹೋದೋರ ವಿಚಾರ ಈಗ್ಯಾಕಮ್ಮ. ಸಾರು ಆರ್ತಿದೆ, ಊಟ ಮಾಡ್ರಪ್ಪ" ಅಂದ್ರು. ಅಷ್ಟೇ. ಮುದ್ದೆ ಮುರಿಯೋ, ಸಾರು ಸೊರ್ ಅಂತ ಎಳೆಯೋ, ಮೂಳೆ ಚೀಪೋ ಸದ್ದು ಮತ್ತೆ ಶುರುವಾಯ್ತು. ಅಷ್ಟು ಹೇಸಿಗೆಯ ಸದ್ದು ನಾನು ಫಿಲೇಚರಿನಲ್ಲೂ ಕೇಳಿಲ್ಲ.

ನಾನು ಎಡಗೈಯಲ್ಲಿ ಜೇಬಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದೆ. ಒಂದನ್ನ ಒತ್ತಿ ಎಲೆ ಪಕ್ಕ ಬೀಳಿಸಿ, ಎತ್ತಿ ಬಾಯಿಗೆ ಹಾಕಿಕೊಂಡು, ಲೋಟ ತುಂಬ ತಣ್ಣೀರು ಕುಡಿದೆ. ಸಾಲಿನಲ್ಲಿದ್ದವರೆಲ್ಲ ನೋಡ್ತಿದ್ರು. ನೋಡ್ಲಿ ಅಂತಲೇ ನುಂಗಿದೆ. ಇಳೀತು.

ಎದುರುಮನೆಯವನು ಬಗ್ಗಿ ಕೇಳಿದ, "ಅಣ್ಣ, ನೀವು ಮಧ್ಯಾಹ್ನ ತಗೊಳ್ತೀರಾ? ನಂಗೆ ರಾತ್ರಿ ಅಂದಿದ್ದಾರೆ."

"ಯಾವ ಹೊತ್ತಾದ್ರೂ ಸರಿ, ದಿನಾ ಅದೇ ಹೊತ್ತಾಗಬೇಕು ಅಂದಿದ್ದಾರೆ ನನಗೆ" ಅಂದೆ. "ನಂದು ಇನ್ಮೇಲೆ ಈ ಹೊತ್ತು."